ಸುದ್ದಿ ಕೇಳಿದ ಯೇಸುಸ್ವಾಮಿ ಏನು ಹೇಳಿದರು?



ಒಂದು ದಿನ ಕೆಲವರು ಯೇಸುಸ್ವಾಮಿಯ ಬಳಿಗೆ ಒಂದು ಸುದ್ದಿ ತಂದರು. ಗಲಿಲೇಯದ ಕೆಲವರು ಬಲಿ ಅರ್ಪಿಸುತ್ತಿದ್ದಾಗಲೇ ರಾಜ್ಯಪಾಲ ಪಿಲಾತನು ಅವರನ್ನು ಕೊಲ್ಲಿಸಿದ್ದನು. ಜನರ ಬಾಯಲ್ಲೆಲ್ಲ ಅದೇ ಮಾತು. ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯದ ಮೊದಲ ಐದು ವಚನಗಳಲ್ಲಿ ಈ ಪ್ರಸಂಗವಿದೆ. ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ಮೂರನೇ ಭಾನುವಾರದ ಬಲಿಪೂಜೆಯಲ್ಲಿ ನಾವು ಇದನ್ನು ಕೇಳುತ್ತೇವೆ.

ಆಗ ಯೇಸುಸ್ವಾಮಿ ಏನು ಮಾಡಿದರು? ಇದೆಲ್ಲ ಲೋಕದ ವಿಷಯ, ನಮಗೇಕೆ ಎಂದು ಮುಖ ತಿರುಗಿಸಲಿಲ್ಲ. ಸುದ್ದಿ ತಂದವರ ಮನಸ್ಸಿನಲ್ಲಿ ಅಡಗಿದ್ದ ತಪ್ಪು ತೀರ್ಮಾನವನ್ನು ಮೊದಲು ಹೊರಗೆಳೆದರು. ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೆಂದು ಭಾವಿಸಿದಿರಾ ಎಂದು ಕೇಳಿ, ಹಾಗಲ್ಲ ಎಂದು ಖಂಡಿತವಾಗಿ ಹೇಳಿದರು. ಬಳಿಕ ತಾವೇ ಇನ್ನೊಂದು ಸುದ್ದಿಯನ್ನು ಎತ್ತಿದರು. ಸಿಲೋವದಲ್ಲಿ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರ ವಿಷಯದಲ್ಲೂ ಅದೇ ಮಾತನ್ನಾಡಿದರು. ಕೊನೆಗೆ ಮಾತನ್ನು ಕೇಳುಗರ ಕಡೆಗೇ ತಿರುಗಿಸಿ, ಮನಪರಿವರ್ತನೆ ಹೊಂದಬೇಕಾದವರು ನೀವೇ ಎಂದು ಎಚ್ಚರಿಸಿದರು.

ಸುದ್ದಿ ಬಿಸಿಯಾಗಿರುವಾಗಲೇ ಉತ್ತರಿಸುವುದು, ತಪ್ಪು ಕಲ್ಪನೆಯನ್ನು ನೀಗುವುದು, ನಮ್ಮ ಬಾಳಿನ ಕರ್ತವ್ಯವನ್ನು ತೋರಿಸುವುದು: ಕ್ರೈಸ್ತ ಪತ್ರಿಕೆ ಮಾಡಬೇಕಾದ ಕೆಲಸ ಇದೇ ಅಲ್ಲವೇ? ನಮ್ಮ ಪತ್ರಿಕೆಗಳು ಹಬ್ಬದ ವರದಿ, ಸುವರ್ಣ ಮಹೋತ್ಸವದ ಚಿತ್ರ, ಗುರುಗಳ ವರ್ಗಾವಣೆಯ ಪಟ್ಟಿ ಎಲ್ಲವನ್ನೂ ಪ್ರಕಟಿಸುತ್ತವೆ. ಅದು ಬೇಕು. ಆದರೆ ಆ ವಾರ ಓದುಗನ ಮನಸ್ಸನ್ನು ಕಲಕಿದ ಸುದ್ದಿಯ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ಅವನು ಉತ್ತರಕ್ಕಾಗಿ ಎಲ್ಲಿಗೆ ಹೋಗಬೇಕು? ಕೈಯಲ್ಲಿರುವ ಮೊಬೈಲಿಗೆ. ಅಲ್ಲಿ ಉತ್ತರಗಳಿಗೆ ಬರವಿಲ್ಲ. ತಿಳಿದವರು ಹೇಳಿದ್ದು ಯಾವುದು, ತಿಳಿಯದವರು ಹೇಳಿದ್ದು ಯಾವುದು ಎಂಬುದು ಮಾತ್ರ ತಿಳಿಯದು.

ಒಂದು ಉದಾಹರಣೆ ನೋಡೋಣ. 2020ರ ಕೊನೆಯಲ್ಲಿ ಕೋವಿಡ್ ಲಸಿಕೆ ಬರಲಿದೆ ಎಂಬ ಸುದ್ದಿಯ ಬೆನ್ನಿಗೇ ಇನ್ನೊಂದು ಮಾತು ಹರಡಿತು: ಲಸಿಕೆಯಲ್ಲಿ ಗರ್ಭಪಾತವಾದ ಶಿಶುವಿನ ಅಂಶವಿದೆ, ಅದನ್ನು ಹಾಕಿಸಿಕೊಳ್ಳುವುದು ಪಾಪ. ಮನೆಯಲ್ಲಿ ನಿತ್ಯ ಜಪಸರ ಪ್ರಾರ್ಥಿಸುವ ಅಜ್ಜಿಯೊಬ್ಬರು ಇದನ್ನು ಕೇಳಿ, "ನಾನು ಸತ್ತರೂ ಸರಿ, ಪಾಪದ ಸೂಜಿ ಬೇಡ" ಎಂದು ಹಟ ಹಿಡಿದರೆ ಮಕ್ಕಳು ಏನು ಹೇಳಬೇಕು? ಇಲ್ಲಿ ಪ್ರಾಣವೂ ಆತ್ಮಸಾಕ್ಷಿಯೂ ಒಟ್ಟಿಗೇ ತಕ್ಕಡಿಯಲ್ಲಿವೆ.

ಆ ಮಾತಿನಲ್ಲಿ ಅರ್ಧ ಸತ್ಯವಿತ್ತು. ನಮ್ಮಲ್ಲಿ ಬಹುಜನರು ಪಡೆದ ಕೋವಿಶೀಲ್ಡ್ ಲಸಿಕೆಯ ತಯಾರಿಯಲ್ಲಿ ಬಳಸಿದ ಜೀವಕೋಶಗಳ ಮೂಲ 1973ರಷ್ಟು ಹಿಂದಿನದು. ಅಂದು ನೆದರ್‌ಲೆಂಡ್ಸಿನ ಪ್ರಯೋಗಾಲಯದಲ್ಲಿ ಭ್ರೂಣವೊಂದರ ಮೂತ್ರಪಿಂಡದ ಕೋಶಗಳಿಂದ ಬೆಳೆಸಿದ ಸಂತತಿ ಅದು. ಲಸಿಕೆಯ ಶೀಶೆಯಲ್ಲಿ ಶಿಶುವಿನ ಅಂಗಾಂಶವಿದೆ ಎಂಬುದು ಮಾತ್ರ ಸುಳ್ಳು. ಇದನ್ನು ಬಿಡಿಸಿ ಹೇಳಬೇಕಾದವರು ವೈದ್ಯರು. ಹಾಗಾದರೆ ಅದನ್ನು ಪಡೆಯಬಹುದೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ನೈತಿಕ ದೈವಶಾಸ್ತ್ರ ಬಲ್ಲವರು. ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪೀಠವು 2020ರ ಡಿಸೆಂಬರ್ 21ರಂದೇ ಇದಕ್ಕೆ ಉತ್ತರ ಕೊಟ್ಟಿತ್ತು. ಯಾವ ಆಕ್ಷೇಪವೂ ಇಲ್ಲದ ಲಸಿಕೆ ದೊರೆಯದಿದ್ದಾಗ ಇಂಥ ಲಸಿಕೆಯನ್ನು ನಿರ್ಮಲ ಮನಸ್ಸಾಕ್ಷಿಯಿಂದ ಪಡೆಯಬಹುದು. ಹಾಗೆ ಪಡೆಯುವುದು ಗರ್ಭಪಾತವನ್ನು ಒಪ್ಪಿದಂತೆ ಆಗುವುದಿಲ್ಲ. ಆಕ್ಷೇಪವಿಲ್ಲದ ಲಸಿಕೆಗಳನ್ನು ತಯಾರಿಸುವಂತೆ ಕಂಪೆನಿಗಳನ್ನೂ ಸರ್ಕಾರಗಳನ್ನೂ ಒತ್ತಾಯಿಸಬೇಕು. ಲಸಿಕೆ ಸ್ವಇಚ್ಛೆಯದಾಗಿರಬೇಕು, ಆದರೆ ನೆರೆಯವರ ಹಿತವನ್ನೂ ನೆನೆಯಬೇಕು. ಇದು ಅದರ ಸಾರಾಂಶ.

ಭಾರತದಲ್ಲಿ 60 ದಾಟಿದ ಹಿರಿಯರಿಗೆ ಲಸಿಕೆ ಆರಂಭವಾದದ್ದು 2021ರ ಮಾರ್ಚ್ 1ರಂದು. ಅಂದರೆ ವಾರಪತ್ರಿಕೆಯೊಂದಕ್ಕೆ ಹತ್ತು ವಾರಗಳ ಕಾಲಾವಕಾಶವಿತ್ತು. ಒಬ್ಬ ವೈದ್ಯರು, ಒಬ್ಬ ಗುರುಗಳು, ಅರ್ಧ ಪುಟ: ಅಷ್ಟಿದ್ದರೆ ಅಂಥ ಅಜ್ಜಿಯ ಭಯ ಕಳೆಯಲು ಸಾಕು. ಅದೇ ಲೇಖನ ಜೂನ್ ತಿಂಗಳಲ್ಲಿ ಬಂದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇನ್ನು ಸಿಲೋವದ ಗೋಪುರಕ್ಕೆ ಬರೋಣ. ನಮ್ಮ ನಾಡಿನಲ್ಲೂ ಅಂಥ ಗೋಪುರಗಳು ಬೀಳುತ್ತವೆ. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು, ಮನುಷ್ಯರು ಮಣ್ಣಿನಡಿ ಸಿಕ್ಕಿದರು, ಗಂಗಾವಳಿ ನದಿಯ ಪಾಲಾದರು. ಎರಡು ವಾರ ಕಳೆಯುವಷ್ಟರಲ್ಲಿ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಇಂಥ ಹೊತ್ತಿನಲ್ಲಿ "ಯಾರ ಪಾಪಕ್ಕೋ ಏನೋ" ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಯೇಸುಸ್ವಾಮಿ ತಳ್ಳಿಹಾಕಿದ್ದು ಈ ಮಾತನ್ನೇ. ಮಣ್ಣಿನಡಿ ಮಗನನ್ನು ಕಳೆದುಕೊಂಡ ತಾಯಿಯ ಕಿವಿಗೆ ಅದು ಬಿದ್ದರೆ ಎರಡನೇ ಸಲ ಗುಡ್ಡ ಕುಸಿದಂತೆ.

ಆದರೆ ಪಾಪದ ಫಲವಲ್ಲ ಎಂದಷ್ಟೇ ಹೇಳಿ ಸುಮ್ಮನಾದರೆ ಸಾಲದು. ಗುಡ್ಡವನ್ನು ಕಡಿದಾಗಿ ಕತ್ತರಿಸಿದರೆ ಅದರ ಬುಡದ ಆಸರೆ ಹೋಗುತ್ತದೆ. ಮಳೆಯ ನೀರು ಇಂಗಿ ಮಣ್ಣು ಭಾರವಾಗುತ್ತದೆ, ಹಿಡಿತ ಸಡಿಲುತ್ತದೆ. ಇದನ್ನು ಭೂವಿಜ್ಞಾನಿಯೊಬ್ಬರು ಸರಳವಾಗಿ ವಿವರಿಸಬೇಕು. ಪರಿಹಾರ ಪಡೆಯುವ ದಾರಿಯನ್ನು ವಕೀಲರೊಬ್ಬರು ತಿಳಿಸಬೇಕು. ಆಗ 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಭೂಮಿ ನಮ್ಮೆಲ್ಲರ ಮನೆಯೆಂದು 'ಲೌದಾತೊ ಸೀ' ವಿಶ್ವಪತ್ರದಲ್ಲಿ ಕಲಿಸಿದ್ದು ಓದುಗನಿಗೆ ತನ್ನ ಊರಿನ ಗುಡ್ಡದ ಮಾತಾಗಿ ಕೇಳಿಸುತ್ತದೆ. ಯೇಸುಸ್ವಾಮಿ ಕೇಳಿದ ಮನಪರಿವರ್ತನೆಯು ಇಲ್ಲಿ ನಾವು ಗುಡ್ಡ, ಕಾಡು, ಹಳ್ಳಗಳನ್ನು ನಡೆಸಿಕೊಳ್ಳುವ ರೀತಿಯಲ್ಲೂ ಆಗಬೇಕಾದದ್ದು.

ಇದು ನಾವು ಹೊಸದಾಗಿ ಕಂಡುಹಿಡಿದ ವಿಚಾರವಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಬಗ್ಗೆ ಹೊರಡಿಸಿದ ಶಾಸನದಲ್ಲಿ, ಸುದ್ದಿಯು ಸತ್ಯವೂ ಸಮಗ್ರವೂ ಆಗಿರಬೇಕೆಂದು ಹೇಳಿತು. ತಮ್ಮ ತಮ್ಮ ಕ್ಷೇತ್ರದಲ್ಲಿ ನುರಿತ ವಿಮರ್ಶಕರಿಗೆ ತರಬೇತಿ ಕೊಡಬೇಕೆಂದೂ ಹೇಳಿತು. ಭಕ್ತಿ ಇದ್ದರೆ ಸಾಲದು, ವಿಷಯಜ್ಞಾನವೂ ಬೇಕು ಎಂಬುದು ಅದರ ತಾತ್ಪರ್ಯ.

ಈ ದಾರಿಯಲ್ಲಿ ಪ್ರಾಣವನ್ನೇ ಕೊಟ್ಟವರೊಬ್ಬರಿದ್ದಾರೆ. ಹಾಲೆಂಡಿನ ಕಾರ್ಮೆಲ್ ಸಭೆಯ ಗುರು ತಿತುಸ್ ಬ್ರಾಂಡ್ಸ್ಮಾ ತತ್ವಶಾಸ್ತ್ರದ ಪ್ರಾಧ್ಯಾಪಕರು, ಪತ್ರಕರ್ತರೂ ಹೌದು. ನಾಜಿ ಸಿದ್ಧಾಂತದಲ್ಲಿರುವ ವಿಷವೇನೆಂದು ಅಧ್ಯಯನ ಮಾಡಿ, ಸಮಯವಿರುವಾಗಲೇ ಎಚ್ಚರಿಸಿದವರು. 1942ರ ಜನವರಿಯಲ್ಲಿ ಕಥೋಲಿಕ ಪತ್ರಿಕೆಗಳ ಸಂಪಾದಕರನ್ನು ಊರೂರಿಗೆ ಹೋಗಿ ಕಂಡು, ನಾಜಿಗಳ ಜಾಹೀರಾತು ಅಚ್ಚುಮಾಡಬೇಡಿ ಎಂಬ ಧರ್ಮಾಧ್ಯಕ್ಷರ ಸಂದೇಶವನ್ನು ಮುಟ್ಟಿಸಿದರು. ಅದೇ ತಿಂಗಳು ಸೆರೆಯಾದರು. ಜುಲೈ 26ರಂದು ದಾಖಾವ್ ಶಿಬಿರದಲ್ಲಿ ಅವರನ್ನು ಕೊಲ್ಲಲಾಯಿತು. 2022ರ ಮೇ 15ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. ನಮ್ಮ ದೇಶದ ದೇವಸಹಾಯಂ ಪಿಳ್ಳೈ ಸಂತರಾದದ್ದೂ ಅದೇ ದಿನ.

ಹಾಗಾದರೆ ನಾವೇನು ಮಾಡಬಹುದು? ತಜ್ಞರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಭಾನುವಾರ ನಿಮ್ಮ ಪಕ್ಕದ ಬೆಂಚಿನಲ್ಲೇ ಅವರು ಕುಳಿತಿರುತ್ತಾರೆ: ವೈದ್ಯರು, ದಾದಿಯರು, ವಕೀಲರು, ಇಂಜಿನಿಯರುಗಳು, ಶಿಕ್ಷಕರು, ಬ್ಯಾಂಕಿನವರು, ಮಣ್ಣಿನ ಗುಣ ಬಲ್ಲ ರೈತರು. ಪ್ರತಿ ಧರ್ಮಕೇಂದ್ರವೂ ಇಂಥವರನ್ನು ಕೇಳಿ ಅವರ ಒಪ್ಪಿಗೆಯೊಂದಿಗೆ ಹೆಸರಿನ ಪಟ್ಟಿಯೊಂದನ್ನು ಮೊದಲೇ ಸಿದ್ಧಮಾಡಿ ಸಂಪಾದಕರಿಗೆ ಕೊಡಲಿ. ಸುದ್ದಿ ಬಂದ ಮೇಲೆ ಹುಡುಕಲು ಹೊರಟರೆ ತಡವಾಗುತ್ತದೆ. ಬರೆಯುವವರು ತಮಗೆ ತಿಳಿದಷ್ಟನ್ನೇ ಬರೆಯಲಿ. ತಿಳಿಯದ್ದನ್ನು ತಿಳಿಯದು ಎನ್ನಲಿ. ಬೇಗ ಹೇಳುವುದು ಒಳ್ಳೆಯದೇ, ಆದರೆ ದುಡುಕುವುದು ಬೇರೆ. ನಡೆದದ್ದೇನು, ತಜ್ಞರ ಅಭಿಪ್ರಾಯವೇನು, ಧರ್ಮಸಭೆಯ ಬೋಧನೆಯೇನು ಎಂಬುದನ್ನು ಬೆರೆಸದೆ ಬೇರೆಬೇರೆಯಾಗಿ ಇಡಲಿ. ನಮ್ಮವರ ತಪ್ಪಿನ ಸುದ್ದಿ ಬಂದಾಗಲೂ ಇದೇ ಅಳತೆಗೋಲು ಇರಲಿ. ಪಕ್ಕದವರ ಮನೆಗೊಂದು, ನಮ್ಮ ಮನೆಗೊಂದು ಆಗಬಾರದು.

ಪ್ರಿಯ ಓದುಗರೇ, ನಿಮಗೂ ಒಂದು ಹೊಣೆಯಿದೆ. ಮನಸ್ಸು ಕಲಕಿದ ಸುದ್ದಿಯನ್ನು ಕಣ್ಣುಮುಚ್ಚಿ ಹತ್ತು ಮಂದಿಗೆ ಕಳುಹಿಸುವ ಮೊದಲು, ಅದನ್ನು ಒಂದು ಪ್ರಶ್ನೆಯಾಗಿ ಬರೆದು ಪತ್ರಿಕೆಗೆ ಕಳುಹಿಸಿ. ನೀವು ಬಲ್ಲ ವಿಷಯವಾದರೆ ನೀವೇ ಬರೆಯಿರಿ. ಅಂದು ಆ ಜನರು ಸುದ್ದಿಯನ್ನು ಯೇಸುಸ್ವಾಮಿಯ ಬಳಿಗೆ ತಂದದ್ದರಿಂದಲೇ ನಮಗೆ ಈ ಬೋಧನೆ ದೊರೆಯಿತು. ನಾವೂ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಆ ದಿನದ ಒಂದು ಸುದ್ದಿಯನ್ನು ಅವರ ಮುಂದಿಡೋಣ. ನೊಂದವರಿಗಾಗಿ ಬೇಡೋಣ, ಮತ್ತು ಇದರಲ್ಲಿ ನನ್ನ ಪಾಲಿನ ಕೆಲಸವೇನು ಪ್ರಭುವೇ ಎಂದು ಕೇಳೋಣ. ಸತ್ಯದ ಆತ್ಮರು ನಮ್ಮ ಬರವಣಿಗೆಯನ್ನೂ ನಮ್ಮ ಓದನ್ನೂ ನಡೆಸಲಿ.