ಹೆಸರಿಡುವವನ ಹೊಣೆ

ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಹಸುವಿನ ಲಕ್ಷಣವನ್ನು ಹೇಳುವ ಪ್ರಸಂಗ ಬರುತ್ತದೆ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಸೀಳಿಲ್ಲದ ಗೊರಸುಳ್ಳದ್ದು ಹಸು ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ಲಕ್ಷಣವನ್ನು ಹೇಳುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದರೆ ಲಕ್ಷಣ ತಪ್ಪಿದರೆ ಹಸುವಿಗೇನೂ ನಷ್ಟವಿಲ್ಲ. ಅದು ತನ್ನ ಪಾಡಿಗೆ ಮೇಯುತ್ತಿರುತ್ತದೆ. ಒಂದು ದೇಶಕ್ಕೆ ಲಕ್ಷಣವನ್ನು ಬರೆಯಹೊರಟಾಗ ಮಾತು ಬೇರೆ. ಅಲ್ಲಿ ತಪ್ಪು ತರ್ಕದ್ದಷ್ಟೇ ಅಲ್ಲ, ಧರ್ಮದ್ದೂ ಆಗುತ್ತದೆ.

ವಾಣಿಜ್ಯಪುಟಗಳಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ‘ಉದಯೋನ್ಮುಖ ಮಾರುಕಟ್ಟೆ’ ಎಂಬ ಹೆಸರುಂಟು. ೧೯೮೧ರಲ್ಲಿ, ವಿಶ್ವ ಬ್ಯಾಂಕಿನ ಬಳಗಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟ್ವಾನ್ ವಾನ್ ಆಗ್ಟ್‌ಮಾಲ್ ಎಂಬವರು ಬಡ ದೇಶಗಳ ಕಂಪೆನಿಗಳ ಷೇರುಗಳನ್ನು ಕೊಳ್ಳುವ ನಿಧಿಯೊಂದರ ಯೋಜನೆಯನ್ನು ನ್ಯೂಯಾರ್ಕಿನಲ್ಲಿ ಹೂಡಿಕೆದಾರರ ಮುಂದಿಟ್ಟರು. ಅದಕ್ಕೆ ಅವರಿತ್ತ ಹೆಸರು ‘ಮೂರನೆಯ ಪ್ರಪಂಚ’ದ ನಿಧಿ, ೧೯೫೨ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಸೋವಿ ಬಳಕೆಗೆ ತಂದ ಮಾತು. ಯೋಜನೆ ಒಳ್ಳೆಯದೇ, ಆದರೆ ಈ ಹೆಸರಿನಲ್ಲಿ ಅದು ಮಾರಾಟವಾಗದು ಎಂಬ ಆಕ್ಷೇಪ ಬಂದಿತು. ಆಗ ಹುಟ್ಟಿದ್ದು ಹೊಸ ಹೆಸರು. ದೇಶಗಳು ಅವೇ, ಕಾರಖಾನೆಗಳು ಅವೇ. ಕೊಳ್ಳುವವನ ಕಿವಿಗೆ ಹಿತವಾಗುವಂತೆ ಮಾತು ಬದಲಾಯಿತು. ಇದರಲ್ಲಿ ಒಂದು ಸೌಜನ್ಯವಿದ್ದಿತು, ನಿಜ. ಆದರೆ ಹೆಸರು ಹುಟ್ಟಿದ್ದು ಅಂಗಡಿಯಲ್ಲಿ ಎಂಬುದನ್ನು ಮರೆಯಲಾಗದು.

ಅಂಗಡಿಯ ಮಾತು ಕಾನೂನಿನ ಕಾಗದಕ್ಕೆ ಬಂದಾಗ ಅದಕ್ಕೆ ಲಕ್ಷಣ ಬೇಕಾಗುತ್ತದೆ. ನಿಧಿಯ ಹೆಸರು ಯಾವ ಬಗೆಯ ಹೂಡಿಕೆಯನ್ನು ಸೂಚಿಸುತ್ತದೆಯೋ ಆ ಬಗೆಯಲ್ಲಿಯೇ ಅದರ ಆಸ್ತಿಯ ಶೇಕಡ ೮೦ರಷ್ಟನ್ನಾದರೂ ತೊಡಗಿಸತಕ್ಕದ್ದೆಂದು ಅಮೆರಿಕದಲ್ಲಿ ೨೦೦೧ರಲ್ಲಿ ನಿಯಮವಾಯಿತು. ಆದುದರಿಂದ ನಿಧಿಗಳ ವಿವರಣಾಪತ್ರಗಳಲ್ಲಿ ವಕೀಲರು ಲಕ್ಷಣವನ್ನು ಬರೆಯುತ್ತಾರೆ: ವಿಶ್ವ ಬ್ಯಾಂಕೋ ಪ್ರಸಿದ್ಧ ಸೂಚ್ಯಂಕವೋ ಹಾಗೆ ಗಣಿಸಿದ ದೇಶಗಳು, ಅಲ್ಲಿ ನೋಂದಣಿಯಾದ, ಅಥವಾ ಅಲ್ಲಿಯ ಷೇರುಪೇಟೆಯಲ್ಲಿ ಮುಖ್ಯವಾಗಿ ನಡೆಯುವ, ಅಥವಾ ವರಮಾನದಲ್ಲಿ ಅರ್ಧದಷ್ಟನ್ನು ಅಲ್ಲಿಂದ ಪಡೆಯುವ ಕಂಪೆನಿಗಳು. ಕೊನೆಗೆ, ನಿರ್ವಾಹಕರು ತಮ್ಮ ವಿವೇಚನೆಯಿಂದ ಹಾಗೆಂದು ತೀರ್ಮಾನಿಸಿದ್ದು ಎಂಬ ಸಾಲೂ ಅನೇಕ ಪತ್ರಗಳಲ್ಲಿರುತ್ತದೆ. ಹಣವಿಟ್ಟವನು ಮೋಸಹೋಗಬಾರದೆಂಬುದು ಈ ಏರ್ಪಾಡಿನ ಉದ್ದೇಶ. ಅದು ನ್ಯಾಯವೇ. ಆದರೆ ಈ ಲಕ್ಷಣದ ಕಣ್ಣು ಸದಾ ಹಣವಿಟ್ಟವನ ಕಡೆಗೇ ಇರುತ್ತದೆ. ಯಾರ ವಿಷಯವಾಗಿ ಬರೆಯಲಾಗಿದೆಯೋ ಅವರ ಕಡೆಗಲ್ಲ.

ಇನ್ನು ತರ್ಕದ ಒರೆಗೆ ಹಚ್ಚಿ ನೋಡೋಣ. ದಕ್ಷಿಣ ಕೊರಿಯವನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯು ೧೯೯೭ರಲ್ಲಿಯೇ ಮುಂದುವರಿದ ದೇಶಗಳ ಸಾಲಿಗೆ ಸೇರಿಸಿತು. ಎಂಎಸ್‌ಸಿಐ ಎಂಬ ಸೂಚ್ಯಂಕ ಸಂಸ್ಥೆಯ ೨೦೨೫ರ ಪರಿಶೀಲನೆಯಲ್ಲಿ ಅದು ಇನ್ನೂ ಉದಯೋನ್ಮುಖವಾಗಿಯೇ ಉಳಿಯಿತು. ಕೊರತೆಯಾಗಿ ಕಂಡದ್ದು ಜನರ ಸಂಪತ್ತಲ್ಲ; ಅಲ್ಲಿಯ ನಾಣ್ಯದ ವಿನಿಮಯವೇ ಮೊದಲಾದ ವಿಷಯಗಳಲ್ಲಿ ಪರದೇಶದ ಹೂಡಿಕೆದಾರನಿಗೆ ಬೇಕಾದ ಸೌಕರ್ಯ. ಗ್ರೀಸ್ ದೇಶದ ಕಥೆ ಇನ್ನೂ ವಿಚಿತ್ರ. ೨೦೦೧ರಲ್ಲಿ ಅದೇ ಸಂಸ್ಥೆ ಅದನ್ನು ಅಭಿವೃದ್ಧ ಮಾರುಕಟ್ಟೆಯೆಂದು ಮೇಲಕ್ಕೇರಿಸಿತು. ೨೦೧೩ರಲ್ಲಿ ಉದಯೋನ್ಮುಖವೆಂದು ಕೆಳಕ್ಕಿಳಿಸಿತು. ಮೇಲೆ ಬಂದ ಸೂರ್ಯನು ಮರಳಿ ಮೂಡಲ ದಿಕ್ಕಿಗೇ ಇಳಿದಂತಾಯಿತು! ‘ಉದಯ’ವೆಂಬ ಮಾತಿನಲ್ಲಿ ಮಧ್ಯಾಹ್ನದ ಭರವಸೆಯಿದೆ, ಲಕ್ಷಣದಲ್ಲಿ ಆ ಭರವಸೆಯಿಲ್ಲ. ಹೊರಗಿನ ಹಣ ಎಷ್ಟು ಸುಲಭವಾಗಿ ಒಳಬಂದು ಹೊರಹೋಗಬಲ್ಲದು ಎಂಬುದೇ ಇಲ್ಲಿ ಮುಖ್ಯವಾದ ಅಳತೆ. ಅದು ಮಾರುಕಟ್ಟೆಯ ಲಕ್ಷಣ. ಅದನ್ನು ದೇಶದ ಲಕ್ಷಣವೆಂದು ಓದಿಕೊಂಡಾಗ ದೋಷ ಹುಟ್ಟುತ್ತದೆ.

ಆ ಓದಿಗೆ ಫಲವೂ ಉಂಟು. ಪಟ್ಟಿಯನ್ನು ನೋಡಿ ನಡೆಯುವ ನಿಧಿಗಳು ಪಟ್ಟಿ ಬದಲಾದರೆ ಷೇರುಗಳನ್ನು ಕೊಳ್ಳಬೇಕು, ಇಲ್ಲವೆ ಮಾರಬೇಕು. ಆ ದೇಶದ ಕೂಲಿಗಾರನನ್ನು ಯಾರೂ ಕೇಳಿರುವುದಿಲ್ಲ.

ಉದಯೋನ್ಮುಖ ಪಟ್ಟಿಗೂ ಏರದ ದೇಶಗಳಲ್ಲಿ ಕೆಲವಕ್ಕೆ ‘ಗಡಿ ಮಾರುಕಟ್ಟೆ’ ಎಂದು ಹೆಸರು. ಗಡಿನಾಡಿನವರಾದ ನಮಗೆ ಈ ಮಾತಿನ ರುಚಿ ಗೊತ್ತು. ಗಡಿ ಎಂಬುದು ನಡುವೆ ನಿಂತು ನೋಡುವವನ ಮಾತು. ಅಲ್ಲಿಯೇ ಹುಟ್ಟಿ ಬಾಳುವವನಿಗೆ ಅದು ಮನೆ.

ಹಾಗಾದರೆ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳಲೆ? ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಆ ಪದ್ಧತಿಯುಂಟು. ಅಭಿವೃದ್ಧಿಶೀಲ ದೇಶವೆಂದು ಸದಸ್ಯರು ತಾವೇ ಘೋಷಿಸಿಕೊಳ್ಳಬಹುದು. ಆದರೆ ಆ ಹೆಸರಿನೊಡನೆ ರಿಯಾಯಿತಿಗಳೂ ಬರುವುದರಿಂದ, ಬೆಳೆದವರೂ ಅದನ್ನು ಬಿಟ್ಟುಕೊಡಲು ಹಿಂಜರಿಯುತ್ತಾರೆ. ಮುಂದಿನ ಮಾತುಕತೆಗಳಲ್ಲಿ ಆ ರಿಯಾಯಿತಿಗಳನ್ನು ಕೇಳುವುದಿಲ್ಲವೆಂದು ದಕ್ಷಿಣ ಕೊರಿಯ ಹೇಳಿದ್ದು ೨೦೧೯ರಲ್ಲಿ. ಪರರಿಟ್ಟ ಹೆಸರಿನಲ್ಲಿ ಅವರ ಲಾಭ ಸೇರುವಂತೆ, ನಾವಿಟ್ಟುಕೊಂಡ ಹೆಸರಿನಲ್ಲಿ ನಮ್ಮ ಲಾಭ ಸೇರುತ್ತದೆ.

ಆದುದರಿಂದ ಹೆಸರೇ ಬೇಡವೆನ್ನುವುದು ದಾರಿಯಲ್ಲ. ಉಪಾಧ್ಯಾಯರಾದ ನಾವೂ ಬಹುಕಾಲ ೩೫ ಅಂಕಗಳ ಗೆರೆ ಎಳೆಯುತ್ತಿದ್ದವರೇ. ಎಳೆಯದೆ ಕೆಲಸ ಸಾಗದು. ಆದರೆ ಗೆರೆ ಎಳೆದವನಿಗೆ ಮೂರು ಹೊಣೆಗಳಿವೆ. ಅಳತೆಗೋಲನ್ನು ಮುಚ್ಚುಮರೆಯಿಲ್ಲದೆ ತೋರಿಸಬೇಕು. ಅಳೆಯಲ್ಪಟ್ಟವನು ಪ್ರಶ್ನಿಸಿದರೆ ಉತ್ತರ ಕೊಡಬೇಕು. ಅಳೆದದ್ದು ಏನನ್ನು, ಅಳೆಯದೆ ಬಿಟ್ಟದ್ದು ಏನನ್ನು ಎಂಬುದನ್ನು ನೆನಪಿನಲ್ಲಿಡಬೇಕು. ಮೊದಲ ಎರಡನ್ನು ನಿಯಮಗಳಿಂದ ಮಾಡಿಸಬಹುದು. ಮೂರನೆಯದು ಮನಸ್ಸಾಕ್ಷಿಯ ಕೆಲಸ. ಗಣಿತದಲ್ಲಿ ೩೪ ಅಂಕ ಪಡೆದ ಹುಡುಗನು ಗಣಿತದಲ್ಲಿ ೩೪ ಅಂಕ ಪಡೆದಿದ್ದಾನೆ, ಅಷ್ಟೆ. ಅವನು ಎಂಥವನೆಂಬುದನ್ನು ಆ ಅಂಕಪಟ್ಟಿ ಇನ್ನೂ ಹೇಳಿಲ್ಲ.