ದೇಹದೇಗುಲದ ರಕ್ಷಣೆ

ಶರಣರು ಹಿಂಸೆಯನ್ನು ನಿಂದಿಸಿದರೆಂಬುದು ಸರ್ವವಿದಿತ. ಆದರೆ ವಂಚನೆಯಿಂದ ಮಾರಲ್ಪಟ್ಟು ಸೆರೆಯಲ್ಲಿರುವ ಹೆಣ್ಣು, ತನ್ನ ಮೇಲೆರಗಿದವನನ್ನು ಹೊಡೆದು ಪಾರಾದರೆ ಅವಳು ಪಾತಕಿಯೆ?

1939ರಲ್ಲಿ ತುರುವನೂರಿನ ಸತ್ಯಾಗ್ರಹಿಗಳು ಈಚಲುಮರಗಳನ್ನು ಕಡಿದು, ಶಾಸನೋಲ್ಲಂಘನೆಯ ಫಲವಾದ ಸೆರೆವಾಸವನ್ನು ಸ್ವೇಚ್ಛೆಯಿಂದ ಸ್ವೀಕರಿಸಿದರು. ಸ್ವೇಚ್ಛೆಯಿದ್ದಲ್ಲಿ ಸಹನೆಯು ತಪಸ್ಸಾಗುವುದು. ಸೆರೆಯಾದವಳಿಗೆ ಆ ಸ್ವೇಚ್ಛೆಯೆಲ್ಲಿ? ಅವಳ ಮೇಲೆ ಹೇರಿದ ಮೌನವನ್ನು ಸಹನೆಯೆನ್ನುವುದೇ ಅನ್ಯಾಯ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು, ಮಾನವ ಸಾಗಾಣಿಕೆಗೆ ಒಳಗಾದವರ ಸಮ್ಮತಿಯನ್ನು ಗಣನೆಗೆ ತರದು. ಅತ್ಯಾಚಾರ, ಅಪಹರಣ, ಅಧಿಕಾರಿಗಳ ಮೊರೆಹೋಗಲಾಗದಂತೆ ಕೂಡಿಹಾಕುವಿಕೆ, ಇವುಗಳ ಉದ್ದೇಶದಿಂದ ಮೇಲೆ ಬಿದ್ದವನ ಪ್ರಾಣವೇ ಹೋದರೂ 38ನೆಯ ಕಲಮು ಅದನ್ನು ಆತ್ಮರಕ್ಷಣೆಯೆಂದು ಮನ್ನಿಸುತ್ತದೆ. 1860ರ ದಂಡಸಂಹಿತೆಯಲ್ಲಿಯೂ ಈ ತತ್ತ್ವವಿತ್ತು. ಆದರೆ ಅವಶ್ಯಕತೆಯನ್ನು ಮೀರಿದ ಹಾನಿಗೆ ಅವಕಾಶವಿಲ್ಲ. ರಕ್ಷಣೆ ಬೇರೆ, ಸೇಡು ಬೇರೆ. ಈ ವಿವೇಕವು ಶರಣಧರ್ಮಕ್ಕೂ ಸಮ್ಮತವೇ.

ದೇಹವೇ ದೇಗುಲವೆಂದು ನಂಬಿದವರಿಗೆ ಆ ದೇಗುಲವನ್ನು ಕಾಯ್ದುಕೊಂಡವಳು ದೋಷಿಯಾಗಲಾರಳು. ಸೂಳೆ ಸಂಕವ್ವೆಯನ್ನು ಶರಣಸಂಕುಲವು ಪೂರ್ವವೃತ್ತಿಯಿಂದ ಅಳೆಯದೆ ತನ್ನವಳೆಂದಿತು. ನ್ಯಾಯಾಲಯವು ಬಿಡಿಸಿದವಳಿಗೆ ತವರೇ ಬಾಗಿಲು ಮುಚ್ಚಿದರೆ ಅವಳಿಗೆ ಸೆರೆ ತಪ್ಪಿದಂತಾಯಿತೆ? ಶಾಸನವು ಶಿಕ್ಷೆಯಿಂದ ಉಳಿಸಬಲ್ಲದು; ನಿಂದೆಯಿಂದ ಉಳಿಸಬೇಕಾದವರು ಸದ್ಭಕ್ತರಾದ ಗೃಹಸ್ಥರೇ.