ಮಾರಿದ ಮೇಲೆ ತಿಳಿದ ಐಬು

ಇಮಾಮ್ ಅಬೂ ಹನೀಫಾ(ರ) ಕೇವಲ ಧರ್ಮಶಾಸ್ತ್ರಜ್ಞರಾಗಿರಲಿಲ್ಲ; ಕೂಫಾ ನಗರದ ಬಟ್ಟೆ ವ್ಯಾಪಾರಿಯೂ ಆಗಿದ್ದರು. ಅವರ ಬಗ್ಗೆ ಚರಿತ್ರೆಕಾರರು ಹೇಳುವ ಒಂದು ಘಟನೆ ಅನೇಕ ಓದುಗರಿಗೆ ಗೊತ್ತಿರಬಹುದು. ಒಮ್ಮೆ ಅವರು ತಮ್ಮ ಪಾಲುದಾರ ಹಫ್ಸ್‌ರಿಗೆ ಒಂದಷ್ಟು ಬಟ್ಟೆ ಕೊಟ್ಟು, ಅದರಲ್ಲಿ ಒಂದಕ್ಕೆ ಐಬಿದೆ, ಕೊಳ್ಳುವವನಿಗೆ ಅದನ್ನು ತೋರಿಸಿಯೇ ಮಾರಬೇಕು ಎಂದು ಹೇಳಿ ಕಳಿಸಿದರು. ಹಫ್ಸ್ ಮರೆತರು. ಬಟ್ಟೆಯೆಲ್ಲ ಮಾರಾಟವಾಯಿತು. ಐಬಿದ್ದದ್ದು ಯಾರ ಕೈ ಸೇರಿತೆಂದೂ ತಿಳಿಯಲಿಲ್ಲ. ಸಂಗತಿ ಕೇಳಿದ ಇಮಾಮರು ಆ ಒಂದು ಬಟ್ಟೆಯ ಬೆಲೆಯನ್ನಲ್ಲ, ಇಡೀ ಸರಕಿನಿಂದ ಬಂದ ಹಣವನ್ನೇ ದಾನ ಮಾಡಿಬಿಟ್ಟರು.

ಪ್ರಾಮಾಣಿಕತೆಯ ಉದಾಹರಣೆಯಾಗಿ ನಾವು ಈ ಘಟನೆಯನ್ನು ಹೇಳುತ್ತೇವೆ. ಆದರೆ ಅದರೊಳಗಿನ ಸಂಕಟವನ್ನು ಗಮನಿಸುವುದು ಕಡಿಮೆ. ಕೊಂಡವನು ಸಿಕ್ಕಿದ್ದರೆ ದಾನದ ಪ್ರಶ್ನೆಯೇ ಬರುತ್ತಿರಲಿಲ್ಲ. ಹಣ ಹಿಂದಿರುಗಿಸಿ ಬಟ್ಟೆಯನ್ನು ವಾಪಸ್ ಪಡೆಯಬಹುದಿತ್ತು. ದಾನ ಇಲ್ಲಿ ಎರಡನೆಯ ದಾರಿ. ಮೊದಲನೆಯದು ಮುಚ್ಚಿಹೋದಾಗ ಉಳಿದದ್ದು. ಅಲ್ಲದೆ ಅದು ಬಟ್ಟೆ. ಅದರ ಐಬಿನಿಂದ ಕೊಂಡವನಿಗೆ ಕೆಲವು ದಿರ್ಹಮ್‌ಗಳ ನಷ್ಟ. ಅದೇ ಬಟ್ಟೆಯಲ್ಲದೆ ಗರಗಸವಾಗಿದ್ದರೆ?

ಮಾರುವ ಮುಂಚೆಯೇ ತಿಳಿದಿರುವ ಐಬಿನ ಬಗ್ಗೆ ಗೊಂದಲವಿಲ್ಲ. ಮದೀನಾದ ಪೇಟೆಯಲ್ಲಿ ಪ್ರವಾದಿ ಮುಹಮ್ಮದ್(ಸ)ರು ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿದ್ದ ತೇವವನ್ನು ಮೇಲೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ ಹದೀಸ್ ಎಲ್ಲರಿಗೂ ಗೊತ್ತು. 'ಐಬು' ಎಂಬ ಅರಬಿ ಮೂಲದ ಮಾತು ನಮ್ಮ ದನದ ಸಂತೆಗೂ ಬಂದು ನೆಲೆಸಿದೆ. ಎತ್ತಿಗೆ ಐಬಿಲ್ಲ ತಾನೆ ಎಂದು ಕೇಳುವ ರೈತನಿಗೆ ಅದು ಅಪ್ಪಟ ಕನ್ನಡವೇ. ಆದರೆ ಮಾರಿ, ಹಣ ಎಣಿಸಿಕೊಂಡು, ಕೊಂಡವನು ಕಣ್ಮರೆಯಾದ ಮೇಲೆ ಐಬು ಗೊತ್ತಾದರೆ ಏನು ಮಾಡಬೇಕು? ಕೊಂಡವನು ಅದನ್ನು ಇನ್ನೊಬ್ಬನಿಗೆ ಮಾರಿದ್ದರೆ? ಇಂದಿನ ಯಂತ್ರ ತಯಾರಕರ ಮುಂದೆ ನಿಂತಿರುವುದು ಈ ಪ್ರಶ್ನೆ. ಮಾರಿದ ಮಾಲನ್ನು ಸರಿಪಡಿಸಲು ಅಥವಾ ಬದಲಿಸಲು ಹಿಂದಕ್ಕೆ ಕರೆಸಿಕೊಳ್ಳುವುದಕ್ಕೆ ಅವರು ರಿಕಾಲ್ ಎನ್ನುತ್ತಾರೆ.

ಸಂಚಾರಿ ಸಾಮಿಲ್ಲನ್ನು ತೆಗೆದುಕೊಳ್ಳೋಣ. ಅಮೆರಿಕ, ಕೆನಡಾಗಳ ಹಳ್ಳಿಗಾಡಿನಲ್ಲಿ ಇದು ಸಾಮಾನ್ಯ. ನಮ್ಮ ಮರದ ಮಿಲ್ಲಿಗೆ ದಿಮ್ಮಿಯನ್ನು ಲಾರಿಯಲ್ಲಿ ಒಯ್ಯಬೇಕು. ಅಲ್ಲಿ ಮಿಲ್ಲೇ ಚಕ್ರದ ಮೇಲೆ ಕುಳಿತು ಜೀಪಿನ ಹಿಂದೆ ದಿಮ್ಮಿ ಇದ್ದಲ್ಲಿಗೆ ಹೋಗುತ್ತದೆ. ದಿಮ್ಮಿಯನ್ನು ಬಿಗಿದು ಮಲಗಿಸುತ್ತಾರೆ. ಎರಡು ಗಾಲಿಗಳ ಮೇಲೆ ಸುತ್ತುವ ಪಟ್ಟಿ ಗರಗಸ ಹಳಿಯ ಮೇಲೆ ಸಾಗುತ್ತಾ ಹಲಗೆ ಕೊಯ್ಯುತ್ತದೆ. ಒಬ್ಬ ನಡೆಸುವವ, ಒಬ್ಬ ಹಲಗೆ ಎತ್ತಿಕೊಳ್ಳುವವ, ಅಷ್ಟೇ ಜನ. ಇಂತಹ ಯಂತ್ರದ ಒಂದು ಬೆಸುಗೆ ಬಿರುಕು ಬಿಡುವುದಾಗಲಿ, ಎಂಜಿನ್ ತಗ್ಗಿಸಿದಾಗ ನಿಲ್ಲಬೇಕಾದ ಗರಗಸ ನಿಲ್ಲದಿರುವುದಾಗಲಿ ಒಬ್ಬ ಮಾಲೀಕನ ಕಣ್ಣಿಗೆ ಆಕಸ್ಮಿಕ. ಅವನು ಬೈದುಕೊಂಡು ರಿಪೇರಿ ಮಾಡಿಸುತ್ತಾನೆ. ಅದೇ ಬಿರುಕು ಹತ್ತು ಊರುಗಳಲ್ಲಿ, ಅದೇ ಜಾಗದಲ್ಲಿ ಕಾಣಿಸಿಕೊಂಡಿದೆ ಎಂಬುದು ಗೊತ್ತಾಗುವುದು ತಯಾರಕನಿಗೆ ಮಾತ್ರ. ಹತ್ತು ದೂರುಗಳೂ ಬಂದು ಸೇರುವ ಮೇಜು ಅವನದು.

ಈ ಅರಿವು ಅವನೊಬ್ಬನದೇ ಆಗಿರುವುದರಿಂದ ಹೊಣೆಯೂ ಅವನದೇ ಎಂದು ನಮಗನಿಸುತ್ತದೆ. ಬೆಲೆ ಪಡೆದು ಮಾಲು ಕೊಟ್ಟ ದಿನ ಒಂದು ಲೆಕ್ಕ ಮುಗಿಯಿತು, ನಿಜ. ಐಬು ತಿಳಿದ ದಿನ ಇನ್ನೊಂದು ಸಾಲ ಹುಟ್ಟುತ್ತದೆ. ಗ್ಯಾರಂಟಿಯ ಅವಧಿಗೂ ಆ ಸಾಲಕ್ಕೂ ಸಂಬಂಧವಿಲ್ಲ.

ಕಾನೂನು ಇಷ್ಟು ನೇರವಾಗಿಲ್ಲ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗಾಗಿ 1972ರ ಕಾಯ್ದೆಯಿದೆ, ಅದಕ್ಕಾಗಿಯೇ ಒಂದು ಆಯೋಗವಿದೆ. ಗಂಭೀರ ಅಪಾಯ ತರಬಲ್ಲ ಐಬಿದೆ ಎಂಬುದಕ್ಕೆ ಆಧಾರವಾಗುವ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಕಂಪೆನಿ ಆಯೋಗಕ್ಕೆ ತಿಳಿಸಬೇಕು. ಆದರೆ ಇದು ಜನಸಾಮಾನ್ಯರು ಕೊಳ್ಳುವ ವಸ್ತುಗಳಿಗೆ. ಉದ್ಯಮದ ಯಂತ್ರಗಳು ಅದರ ಹೊರಗೆ. ಇನ್ನು ಕೆಲಸದ ಸ್ಥಳದ ಸುರಕ್ಷತೆ ನೋಡುವ ಇಲಾಖೆಯ ಅಧಿಕಾರ ನಡೆಯುವುದು ಕೆಲಸ ಕೊಡುವ ಮಾಲೀಕನ ಮೇಲೆ, ಯಂತ್ರ ಮಾಡಿದವನ ಮೇಲಲ್ಲ. ಸಂಚಾರಿ ಸಾಮಿಲ್ಲು ಬೆಳಿಗ್ಗೆ ಮನೆಯ ಹಿತ್ತಲಿನ ವಸ್ತು, ಮಧ್ಯಾಹ್ನ ಬಾಡಿಗೆಗೆ ದುಡಿಯುವ ಯಂತ್ರ. ಎರಡು ಇಲಾಖೆಗಳ ನಡುವಿನ ಸಂದಿಯಲ್ಲಿ ಅದು ನಿಂತಿರುತ್ತದೆ. ಇಂತಹ ಕಡೆ ತಯಾರಕನ ಮನಸ್ಸಾಕ್ಷಿಗೆ ಕೆಲಸ ಹೆಚ್ಚು.

ಗರಗಸದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೊಯ್ಯುವುದು ಗರಗಸದ ಗುಣ, ಐಬಲ್ಲ. ಹಾಗಾದರೆ ಗುಣ ಎಲ್ಲಿ ಮುಗಿದು ಐಬು ಎಲ್ಲಿ ಆರಂಭವಾಗುತ್ತದೆ? 2000ನೇ ಇಸವಿಯ ಒಂದು ರಿಕಾಲ್ ಈ ಪ್ರಶ್ನೆಯನ್ನು ಚೆನ್ನಾಗಿ ತೆರೆದಿಡುತ್ತದೆ. ಮೇಜಿನ ಮೇಲೆ ಚಾಚಿದ ತೋಳಿಗೆ ನೇತುಹಾಕಿದ, ನಮ್ಮ ಕಡೆಗೆ ಎಳೆದುಕೊಂಡು ಮರ ಕೊಯ್ಯುವ ಒಂದು ಬಗೆಯ ಗರಗಸ ಅಮೆರಿಕದ ಮನೆಗಳಲ್ಲಿ ಬಹಳ ಜನಪ್ರಿಯವಾಗಿತ್ತು. 'ಕ್ರಾಫ್ಟ್ಸ್‌ಮನ್' ಹೆಸರಿನಲ್ಲಿ 1958ರಿಂದ 1992ರವರೆಗೆ ಮಾರಾಟವಾದ ಅಂತಹ ಸುಮಾರು 37 ಲಕ್ಷ ಗರಗಸಗಳಿಗೆ ತಯಾರಕರಾದ ಎಮರ್ಸನ್ ಕಂಪೆನಿ ರಿಕಾಲ್ ಘೋಷಿಸಿತು. ಕಾರಣ, ಅಲಗನ್ನು ಪೂರ್ತಿ ಮುಚ್ಚುವ ಗಾರ್ಡು ಅವುಗಳಿಗೆ ಇರಲಿಲ್ಲ. ಮುನ್ನೂರಕ್ಕೂ ಹೆಚ್ಚು ಗಾಯಗಳ ವರದಿ ಬಂದಿತ್ತು. ಬೆರಳು ತುಂಡಾದವರು ಅವರಲ್ಲಿದ್ದರು, ಒಂದು ಸಾವೂ ಆಗಿತ್ತು.

34 ವರ್ಷ ಗಾರ್ಡಿಲ್ಲದೆ ಮಾರಿದಾಗ ಅದು ಯಾರಿಗೂ ಐಬಾಗಿ ಕಾಣಲಿಲ್ಲ. ಗರಗಸವೆಂದರೆ ಹಾಗೆಯೇ ಎಂದು ಕೊಂಡವರೂ ನಂಬಿದ್ದರು. ತಡವಾಯಿತು ಎನ್ನಬಹುದು, ನಾವೂ ಹಾಗೆಯೇ ಎನ್ನುತ್ತೇವೆ. ಆದರೂ ಅದರಲ್ಲಿ ಮೆಚ್ಚತಕ್ಕ ಒಂದು ಅಂಶವಿದೆ. ಹೊಸ ಗಾರ್ಡನ್ನು ಪುಕ್ಕಟೆ ಕೊಟ್ಟರು. ಗಾರ್ಡು ಕೂರಿಸಲು ಬಾರದ ಹಳೆಯ ಮಾದರಿಯಾದರೆ ಮೋಟಾರು ಇರುವ ಭಾಗವನ್ನು ಬಿಚ್ಚಿ ಕಳಿಸಿದವರಿಗೆ 100 ಡಾಲರ್ ಕೊಟ್ಟರು. ಮೋಟಾರನ್ನೇ ಏಕೆ ಕೇಳಿದರು? ಅದು ಹೋದ ಮೇಲೆ ಯಂತ್ರ ಮತ್ತೊಬ್ಬನ ಕೈಯಲ್ಲಿ ತಿರುಗಲಾರದು. ಹಾಳೆಯ ಮೇಲೆ ಎಚ್ಚರಿಕೆ ಬರೆದು ಕೈತೊಳೆದುಕೊಳ್ಳುವುದಕ್ಕೂ ಅಪಾಯವನ್ನು ಲೋಕದಿಂದಲೇ ತೆಗೆದುಹಾಕುವುದಕ್ಕೂ ಇರುವ ಅಂತರ ಇದು.

ಗೊತ್ತಿತ್ತು ಎನ್ನಲು ಎಷ್ಟು ದೂರು ಬೇಕು? 2022ರಲ್ಲಿ ಅಮೆರಿಕದಲ್ಲಿ ಸುಮಾರು 14 ಲಕ್ಷ ಡೆವಾಲ್ಟ್ ಮೈಟರ್ ಗರಗಸಗಳಿಗೆ ರಿಕಾಲ್ ಆಯಿತು. ಹಿಂಬದಿಯ ಗಾರ್ಡು ಮುರಿದು ಕಳಚಿಕೊಳ್ಳುವ ಸಾಧ್ಯತೆಯಿತ್ತು. ಪ್ರಕಟಣೆಯಲ್ಲಿ 571 ದೂರುಗಳ ಲೆಕ್ಕವಿತ್ತು, ಒಂಬತ್ತು ಗಾಯಗಳ ಪ್ರಸ್ತಾಪವಿತ್ತು. ಮೊದಲನೆಯ ದೂರು ಬಂದಾಗಲೇ ಲಕ್ಷಗಟ್ಟಲೆ ಯಂತ್ರ ಹಿಂದಕ್ಕೆ ಕರೆಯುವುದು ಸಾಧ್ಯವಿಲ್ಲ. ಒಂದು ದೂರು ಕೈತಪ್ಪಿನದಾಗಿರಬಹುದು. ಆದರೆ ಹತ್ತನೆಯದು? ಐವತ್ತನೆಯದು? ದೂರು ಅರಿವಾಗಿ ಮಾರ್ಪಡುವ ಅಂಕಿಯನ್ನು ಯಾವ ಕಾಯ್ದೆಯೂ ಬರೆದಿಡಲಾರದು.

ಇಮಾಮ್ ಮಾಲಿಕ್(ರ)ರ 'ಮುವತ್ತಾ'ದಲ್ಲಿ ದಾಖಲಾದ ಒಂದು ವ್ಯಾಜ್ಯ ಇಲ್ಲಿ ನೆನಪಾಗುತ್ತದೆ. ಮನುಷ್ಯರನ್ನೇ ಮಾರುತ್ತಿದ್ದ ಕಾಲದ ವ್ಯವಹಾರವದು, ಓದುವಾಗ ಮನಸ್ಸು ಹಿಂಡುತ್ತದೆ. ಆದರೂ ತೀರ್ಪು ಗಮನಾರ್ಹ. ಅಬ್ದುಲ್ಲಾ ಇಬ್ನ್ ಉಮರ್(ರ)ರು ಮುಂದೆ ಐಬು ಕಂಡರೆ ತಾವು ಹೊಣೆಯಲ್ಲ ಎಂಬ ಕರಾರಿನ ಮೇಲೆ ಒಬ್ಬ ಗುಲಾಮನನ್ನು 800 ದಿರ್ಹಮ್‌ಗೆ ಮಾರಿದ್ದರು. ಕೊಂಡವನು ಕಾಯಿಲೆಯಿದೆಯೆಂದು ದೂರು ತಂದ. ಖಲೀಫಾ ಉಸ್ಮಾನ್(ರ)ರು ಕರಾರನ್ನು ಹಿಡಿದು ಕೂರಲಿಲ್ಲ. ಮಾರುವಾಗ ಆ ಐಬು ತಮಗೆ ಗೊತ್ತಿರಲಿಲ್ಲವೆಂದು ಆಣೆ ಮಾಡಲು ಹೇಳಿದರು. ಇಬ್ನ್ ಉಮರ್ ಆಣೆ ಮಾಡಲು ಒಪ್ಪದೆ ಆತನನ್ನು ಹಿಂದಕ್ಕೆ ಪಡೆದರು. ಆ ಕಾಲದ 'ಇದ್ದ ಹಾಗೆ ಮಾರಾಟ' ಎಂಬ ಷರತ್ತು ಒಂದೇ ಪ್ರಶ್ನೆಗೆ ಬಿದ್ದುಹೋಯಿತು: ನಿಮಗೆ ಗೊತ್ತಿತ್ತೇ?

ಒಬ್ಬ ಮನುಷ್ಯನಿಗೆ ಈ ಆಣೆ ಕಷ್ಟ. ಕಂಪೆನಿಗೆ ಸುಲಭ, ಏಕೆಂದರೆ ಅಲ್ಲಿ ಪ್ರಾಮಾಣಿಕವಾಗಿಯೇ ಆಣೆ ಮಾಡಬಲ್ಲ ಒಬ್ಬ ಯಾವಾಗಲೂ ಸಿಗುತ್ತಾನೆ. ರಿಪೇರಿ ಮಾಡಿದ ಮೆಕ್ಯಾನಿಕ್‌ಗೆ ಗೊತ್ತು, ಅವನ ಮಾತು ಡೀಲರ್‌ನಲ್ಲಿ ನಿಂತಿತು. ಎಂಜಿನಿಯರ್‌ಗೆ ಗೊತ್ತು, ಅವನ ಟಿಪ್ಪಣಿ ಸಮಿತಿಯಲ್ಲಿ ಮಲಗಿತು. ಮೇಲೆ ಕೂತವರಿಗೆ ನಿಜವಾಗಿಯೂ ಗೊತ್ತಿಲ್ಲ. ಜನರಲ್ ಮೋಟಾರ್ಸ್ ಕಂಪೆನಿಯ ಪ್ರಕರಣದಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ಅದು ಗರಗಸದ ಕಂಪೆನಿಯಲ್ಲ, ಕಾರಿನದು. ಆದರೆ ಒಳಗಿನ ಕಾಗದಪತ್ರಗಳೆಲ್ಲ ಹೊರಬಿದ್ದಿರುವುದರಿಂದ ಐಬನ್ನು ಅರಿತವರು ಹೇಗೆ ನಡೆದುಕೊಂಡರೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಓಡುತ್ತಿರುವಾಗಲೇ ಕೀಲಿ ಸರಿದು ಎಂಜಿನ್ ಆರಿಹೋಗುವ, ಆಗ ಏರ್‌ಬ್ಯಾಗ್ ಕೂಡ ತೆರೆಯದ ಐಬು ಅದು. 2005ರಲ್ಲಿ ಡೀಲರುಗಳಿಗೆ ಹೋದ ಸೂಚನೆಯಲ್ಲಿ ಗ್ರಾಹಕರು ಕೀಲಿಗೊಂಚಲಿನ ಭಾರ ಇಳಿಸಬೇಕೆಂಬ ಸಲಹೆಯಿತ್ತು. 2006ರಲ್ಲಿ ಆ ಬಿಡಿಭಾಗವನ್ನು ಸದ್ದಿಲ್ಲದೆ ಬದಲಿಸಿದರು, ಅದರ ನಂಬರನ್ನು ಮಾತ್ರ ಬದಲಿಸಲಿಲ್ಲ. ಹೊಸ ಕಾರು ಸುರಕ್ಷಿತವಾಯಿತು. ಹಳೆಯದನ್ನು ಓಡಿಸುತ್ತಿದ್ದವರಿಗೆ ಯಾರೂ ಹೇಳಲಿಲ್ಲ. ರಿಕಾಲ್ ಬಂದದ್ದು 2014ರಲ್ಲಿ, ಸುಮಾರು 26 ಲಕ್ಷ ಕಾರುಗಳಿಗೆ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124.

ಅದೇ ವರ್ಷದ ತನಿಖಾ ವರದಿ ಕಂಪೆನಿಯೊಳಗಿನ ಒಂದು ಅಭ್ಯಾಸವನ್ನು ವರ್ಣಿಸಿತು. ಎರಡೂ ತೋಳು ಅಡ್ಡ ಕಟ್ಟಿ, ಬೆರಳುಗಳನ್ನು ಎಡಕ್ಕೂ ಬಲಕ್ಕೂ ಚಾಚುವುದು. ಹೊಣೆ ನನ್ನದಲ್ಲ, ಅವರದು ಎಂದು ಅದರ ಅರ್ಥ. ಅಲ್ಲಿಯ ನೌಕರರಿಗೆ 2008ರಲ್ಲಿ ಕೊಟ್ಟ ಪಾಠವೂ ಹೊರಬಿತ್ತು: ಬರವಣಿಗೆಯಲ್ಲಿ 'ಐಬು' ಎನ್ನಬಾರದು, 'ವಿನ್ಯಾಸದಂತೆ ಕೆಲಸ ಮಾಡುತ್ತಿಲ್ಲ' ಎನ್ನಬೇಕು. 'ಸಮಸ್ಯೆ' ಎನ್ನಬಾರದು, 'ವಿಷಯ' ಎನ್ನಬೇಕು. ಮೊದಲು ಮಾತನ್ನು ಮುಚ್ಚಿದರೆ ಸಾಕು, ಅರಿವು ತಾನಾಗಿ ಮುಚ್ಚಿಕೊಳ್ಳುತ್ತದೆ. ದನದ ದಲ್ಲಾಳಿಗಳೂ ಇಷ್ಟು ಜಾಣರಲ್ಲ.

ತಯಾರಕರ ಕಡೆಗೂ ಮಾತಿದೆ, ಅದನ್ನು ಕೇಳದಿರುವುದು ನ್ಯಾಯವಲ್ಲ. ಗಾರ್ಡು ಕೊಟ್ಟರೂ ಕೆಲಸ ನಿಧಾನವಾಗುತ್ತದೆಂದು ಬಿಚ್ಚಿ ಮೂಲೆಗೆಸೆಯುವವರು ಕಡಿಮೆಯಿಲ್ಲ. ನಮ್ಮ ಮರದ ಮಿಲ್ಲುಗಳನ್ನು ನೋಡಿದವರು ಇದನ್ನು ಅಲ್ಲಗಳೆಯಲಾರರು. ಇನ್ನೊಂದು, ಐಬನ್ನು ತಾನಾಗಿ ಹೇಳಿಕೊಂಡ ಕಂಪೆನಿಗೆ ನಾವು ಏನು ಮಾಡುತ್ತೇವೆ? 'ಆ ಕಂಪೆನಿಯ ಮಾಲು ಬೇಡ, ವಾಪಸ್ ಕರೆದರಂತೆ' ಎನ್ನುತ್ತೇವೆ. ಬಾಯಿ ಮುಚ್ಚಿಕೊಂಡವನ ಅಂಗಡಿಗೆ ಹೋಗುತ್ತೇವೆ. ಸತ್ಯ ಹೇಳಿದವನಿಗೆ ದಂಡ ಹಾಕುವ ಪೇಟೆಯಲ್ಲಿ ನಾವೂ ಪಾಲುದಾರರು. ಇಷ್ಟೆಲ್ಲ ಒಪ್ಪಿಕೊಂಡರೂ ಒಂದು ಮಾತು ಉಳಿಯುತ್ತದೆ. ಬಳಸುವವರು ಗಾರ್ಡು ಬಿಚ್ಚುತ್ತಾರೆ ಎಂಬುದು ಗೊತ್ತಿದ್ದ ಮೇಲೆ, ಬಿಚ್ಚದೆಯೇ ಕೆಲಸ ಸಾಗುವಂತಹ ಗಾರ್ಡು ಮಾಡುವುದೂ ಆ ಅರಿವಿನ ಹೊಣೆಗೆ ಸೇರುತ್ತದೆ.

ನಮ್ಮ ದೇಶದಲ್ಲಿ ಇದರ ಪಾಠ ಮೊದಲು ಕಲಿಸಿದ್ದು ಒಕ್ಕಣೆ ಯಂತ್ರ. ಗೋಧಿಯ ತೆನೆ ತುಂಬುವಾಗ ಕೈಯೂ ಒಳಗೆಳೆಯಲ್ಪಟ್ಟು ಅಂಗವಿಕಲರಾದವರ ಕಷ್ಟದಿಂದ 1983ರ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ರೈತನ ಅಜಾಗ್ರತೆ ಎನ್ನುತ್ತಿದ್ದುದನ್ನು ಅದು ಯಂತ್ರ ಮಾಡುವವರ, ಮಾರುವವರ ಹೊಣೆಯೂ ಹೌದೆಂದು ಒಪ್ಪಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಪಾಯಕಾರಿ ಮಾಲನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ಮಿಲ್ಲಿನಲ್ಲಿ ಕೂಲಿಗೆ ನಿಂತವನು ಯಂತ್ರವನ್ನು ಕೊಂಡವನಲ್ಲ, ವ್ಯಾಪಾರಕ್ಕಾಗಿ ಕೊಂಡ ಮಾಲೀಕನೂ ಆ ಕಾಯ್ದೆಯಲ್ಲಿ ಸಾಮಾನ್ಯವಾಗಿ ಗ್ರಾಹಕನಲ್ಲ. ಕೂಲಿಕಾರನಿಗೆ ಇದ್ದದ್ದು 1923ರ ಪರಿಹಾರ ಕಾಯ್ದೆಯ ಪಟ್ಟಿ: ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ಒಂದು ಕೈಯ ನಾಲ್ಕು ಬೆರಳು ಹೋದರೆ 50. ಯಂತ್ರದ ಐಬನ್ನು ಅರಿತಿದ್ದವನ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಬರುವುದಿಲ್ಲ.

ರಿಕಾಲಿನ ಕಾಗದ ತಲಪುವುದು ಮೊದಲು ಕೊಂಡವನಿಗೆ. ಯಂತ್ರ ಈಗಿರುವುದು ಮೂರನೆಯವನಲ್ಲಿ, ಅದರ ಮುಂದೆ ನಿಂತಿರುವವನು ನಾಲ್ಕನೆಯವನು. ಚಕ್ರವಿರುವ ಯಂತ್ರಕ್ಕಂತೂ ಇದು ಇನ್ನೂ ನಿಜ. ಅಬೂ ಹನೀಫಾರಿಗೆ ಸಿಗದೆ ಹೋದ ಕೂಫಾದ ಆ ಗಿರಾಕಿಯಂತೆ ಇವನೂ ಯಾರ ಪಟ್ಟಿಯಲ್ಲೂ ಇಲ್ಲ.

ಇಷ್ಟು ಬರೆಯುವಾಗ ನಮ್ಮದೇ ಒಂದು ವ್ಯವಹಾರ ನೆನಪಾಗಿ ಕೈ ತಡೆಯಿತು. ಮನೆ ಕಟ್ಟಿಸುವಾಗ ಮರ ಕೊಯ್ಯುವ ಒಂದು ಕಟ್ಟರ್ ಕೊಂಡಿದ್ದೆವು. ಕೆಲಸ ಮುಗಿಯುವ ಹೊತ್ತಿಗೆ ಅದರ ಕೆಳಗಾರ್ಡಿನ ಸ್ಪ್ರಿಂಗ್ ಸತ್ತಿತ್ತು. ಕೊಯ್ದು ಎತ್ತಿದರೆ ಗಾರ್ಡು ಮುಚ್ಚಿಕೊಳ್ಳುತ್ತಿರಲಿಲ್ಲ, ಅಲಗು ತೆರೆದೇ ತಿರುಗುತ್ತಿತ್ತು. ಬಡಗಿ ಎಚ್ಚರಿಸಿದ್ದರು. ನಾವು ಅದನ್ನು ಗುಜರಿಯವನಿಗೆ ನಾನೂರು ರೂಪಾಯಿಗೆ ಕೊಟ್ಟೆವು. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಮೋಟಾರು ಚೆನ್ನಾಗಿತ್ತು; ಕರಗಿಸಲು ಯಾರೂ ಅಂತಹದನ್ನು ಕೊಳ್ಳುವುದಿಲ್ಲ ಎಂಬುದು ಆಗಲೂ ನಮಗೆ ಗೊತ್ತಿತ್ತು.

ಮೊನ್ನೆ ಅವನ ಅಂಗಡಿಗೆ ಹೋಗಿ ವಿಚಾರಿಸಿದೆವು. ಅದೇ ವಾರ ಯಾರೋ ಒಯ್ದರಂತೆ, ಹೊಸದಾಗಿ ಕೆಲಸ ಕಲಿಯುತ್ತಿದ್ದ ಒಬ್ಬ ಹುಡುಗ. ಹೆಸರು ಗೊತ್ತಿಲ್ಲ. ಗಾರ್ಡಿನ ವಿಷಯ ಹೇಳಿದಾಗ ಗುಜರಿಯವನು, 'ಈಗ ಹೇಳ್ತೀರಲ್ಲ ಸಾಹೇಬರೇ' ಎಂದ. ಹುಡುಗ ಮತ್ತೆ ಬಂದರೆ ಕೊಡಲೆಂದು ನಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆವು. ಅವನು ಅದನ್ನು ತಕ್ಕಡಿಯ ಕೆಳಗೆ ಸಿಕ್ಕಿಸಿಟ್ಟ.